ಮೃಚ್ಛಕಟಿಕದ ನಗೆಗೆ ಇಂದಿನ ಹುಡುಗರು ನಗುತ್ತಾರೆಯೇ?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಈ ವರ್ಷ ನಮ್ಮ ವಿದ್ಯಾರ್ಥಿಗಳಿಂದ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ಕನ್ನಡದಲ್ಲಿ ಆಡಿಸಬೇಕೆಂದಿದ್ದೇನೆ. ಮೊದಲ ದಿನದ ಓದಿನಲ್ಲೇ ತೊಡಕು ಎದುರಾಯಿತು. ವಿದೂಷಕ ಮೈತ್ರೇಯನು ಮೋದಕವನ್ನು ನೆನೆದು ಆಡುವ ಮಾತಿಗೆ ಒಬ್ಬರೂ ನಗಲಿಲ್ಲ. “ಮೇಡಂ, ನಡುನಡುವೆ ಸಿನಿಮಾ ಡೈಲಾಗು, ರೀಲ್ಸಿನ ಮಾತು ಸೇರಿಸೋಣ, ಇಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ” ಎನ್ನುತ್ತಾರೆ ಹುಡುಗರು. ಹಿರಿಯ ಸಹೋದ್ಯೋಗಿಯೊಬ್ಬರು, ಸಂಸ್ಕೃತ ನಾಟಕದ ಹಾಸ್ಯ ಸಭ್ಯವೂ ಗಂಭೀರವೂ ಆದದ್ದು, ಅದರ ಒಂದಕ್ಷರವನ್ನು ಬದಲಿಸಿದರೂ ಅಪಚಾರ ಎನ್ನುತ್ತಾರೆ. ಮತ್ತೊಬ್ಬರ ಪ್ರಕಾರ ಆ ಹಾಸ್ಯಕ್ಕೂ ಈಗಿನ ಕಾಮಿಡಿಗೂ ನಂಟೇ ಇಲ್ಲ, ನಮ್ಮ ಹಾಸ್ಯನಾಟಕ ಇಂಗ್ಲಿಷಿನಿಂದ ಬಂದದ್ದು. ಇವೆಲ್ಲದರ ಮೇಲೆ, ಜನಿವಾರದಲ್ಲಿ ಗೋಡೆ ಅಳೆಯುವ ಕಳ್ಳನ ದೃಶ್ಯಕ್ಕೂ ನಾಯಕಿಯಾದ ಗಣಿಕೆ ವಸಂತಸೇನೆಯ ತಾಯಿಯ ಮೈಯನ್ನು ಗೇಲಿ ಮಾಡುವ ಮಾತಿಗೂ ಆಕ್ಷೇಪ ಬಂದೀತು ಎಂದು ಪ್ರಾಂಶುಪಾಲರಿಗೆ ಆತಂಕ. ಹಾಸ್ಯವನ್ನು ಇದ್ದಂತೆ ಇಡಲೇ, ಬದಲಿಸಲೇ, ಇಲ್ಲವೇ ತೆಗೆದೇ ಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ವರ ನಾಲ್ಕು ಅಭಿಪ್ರಾಯಗಳಿವೆ, ಆದರೆ ನಿಮ್ಮನ್ನು ಕಾಡುತ್ತಿರುವ ಚಿಂತೆ ಒಂದೇ ಎಂದು ನನಗೆ ತೋರುತ್ತದೆ. ಹಳೆಯ ನಾಟಕವೊಂದರ ನಗೆ ಇರುವುದಾದರೂ ಎಲ್ಲಿ, ಅದರ ಮಾತಿನಲ್ಲೋ, ಸಂದರ್ಭದಲ್ಲೋ, ಪಾತ್ರದ ಸ್ವಭಾವದಲ್ಲೋ? ಅದನ್ನು ದೃಶ್ಯದಿಂದ ದೃಶ್ಯಕ್ಕೆ ಗುರುತಿಸಿಕೊಂಡರೆ ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ಸಂಸ್ಕೃತ ನಾಟಕಗಳ ಕನ್ನಡ ರೂಪಗಳನ್ನು ವಿದ್ಯಾರ್ಥಿಗಳಿಂದಲೂ ಹವ್ಯಾಸಿ ತಂಡಗಳಿಂದಲೂ ಹಲವು ಬಾರಿ ಆಡಿಸಿದವನಾಗಿ, ಮಾಡಿದ ತಪ್ಪುಗಳಿಂದ ಕಲಿತದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಸಂಸ್ಕೃತ ನಾಟಕದ ಹಾಸ್ಯವೆಂದರೆ ತುಟಿ ಬಿಚ್ಚದ ಸಭ್ಯ ಮುಗುಳ್ನಗೆ ಎಂಬ ನಂಬಿಕೆಯನ್ನು ನಾಟ್ಯಶಾಸ್ತ್ರವೇ ಒಪ್ಪುವುದಿಲ್ಲ. ಅದನ್ನು ಬರೆದ ಭರತನು ನಗೆಯಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಗಳನ್ನು ಹೇಳುತ್ತಾನೆ. ಹಲ್ಲು ಕಾಣಿಸದ ಸ್ಮಿತದಿಂದ ಹಿಡಿದು, ಕಣ್ಣಲ್ಲಿ ನೀರು ತುಂಬಿ ಪಕ್ಕೆ ಹಿಡಿದುಕೊಂಡು ನಗುವ ಅತಿಹಸಿತದವರೆಗೆ ಎಲ್ಲಕ್ಕೂ ರಂಗದಲ್ಲಿ ಎಡೆಯಿದೆ. ನಗೆ ಹುಟ್ಟುವ ಕಾರಣಗಳಾಗಿ ಅವನು ಹೆಸರಿಸುವುದು ವಿಕಾರವಾದ ವೇಷ, ತನಗೆ ಒಪ್ಪದ ಅಲಂಕಾರ, ಸಂಕೋಚವಿಲ್ಲದ ದಿಟ್ಟತನ, ಆಸೆಬುರುಕತನ, ಅಸಂಬದ್ಧ ಪ್ರಲಾಪ, ಇನ್ನೊಬ್ಬರ ದೋಷವನ್ನು ಎತ್ತಿ ತೋರಿಸುವುದು ಮುಂತಾದವನ್ನು. ನಿಮ್ಮ ವಿದ್ಯಾರ್ಥಿಗಳು ಮೊಬೈಲಿನಲ್ಲಿ ನೋಡಿ ನಗುವ ಹಾಸ್ಯವನ್ನು ಇದೇ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಬಹುಪಾಲು ಇದರೊಳಗೇ ಸೇರಿಕೊಳ್ಳುತ್ತದೆ. ಶೃಂಗಾರದ ಅನುಕರಣೆಯೇ ಹಾಸ್ಯ ಎಂಬ ಅವನ ಇನ್ನೊಂದು ಮಾತು ಇನ್ನೂ ಆಳದ್ದು. ನಾಯಕನ ಪ್ರೇಮಪ್ರಸಂಗ ಒಂದೆಡೆ, ಹಾಸ್ಯನಟನ ಪೆದ್ದು ಪ್ರೇಮಪ್ರಸಂಗ ಅದರ ಪಕ್ಕದಲ್ಲೇ ಮತ್ತೊಂದೆಡೆ ಎಂಬ ನಮ್ಮ ಚಲನಚಿತ್ರಗಳ ಹಳೆಯ ಏರ್ಪಾಟನ್ನು ಈ ಒಂದು ಸೂತ್ರ ವಿವರಿಸುತ್ತದೆ. ಮೃಚ್ಛಕಟಿಕದಲ್ಲಿ ವಸಂತಸೇನೆಯ ಮೇಲಿನ ನಾಯಕ ಚಾರುದತ್ತನ ಪ್ರೇಮಕ್ಕೆ ಎದುರಾಗಿ, ಅವಳ ಬೆನ್ನು ಬಿದ್ದ ಖಳ ಶಕಾರನ ‘ಪ್ರೇಮ’ ನಿಂತಿರುವುದೂ ಹೀಗೆಯೇ.

ಹಾಸ್ಯನಾಟಕ ಇಂಗ್ಲಿಷಿನಿಂದ ಬಂತು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕೈಲಾಸಂ ಭೂವಿಜ್ಞಾನ ಕಲಿಯಲು ಲಂಡನ್ನಿಗೆ ಹೋಗಿ ಅಲ್ಲಿಯ ರಂಗಭೂಮಿಯನ್ನು ಹತ್ತಿರದಿಂದ ಕಂಡು ಬಂದವರು. ಅವರ ಮಧ್ಯಮವರ್ಗದ ನಡುಮನೆಯ ನಾಟಕಗಳಲ್ಲಿ ಆ ಪ್ರಭಾವ ಇಲ್ಲವೆಂದು ಯಾರೂ ವಾದಿಸಲಾರರು. ಎ. ಎನ್. ಮೂರ್ತಿರಾಯರ ‘ಆಷಾಢಭೂತಿ’ ಫ್ರಾನ್ಸಿನ ಮೊಲಿಯೇರನ ನಾಟಕದ ರೂಪಾಂತರ. ಆದರೆ ಕೈಲಾಸಂ ಇನ್ನೂ ಎಳೆಯ ಮಗುವಾಗಿದ್ದಾಗಲೇ, 1887ರಲ್ಲಿ, ಸೂರಿ ವೆಂಕಟರಮಣ ಶಾಸ್ತ್ರಿಗಳು ಕನ್ಯಾವಿಕ್ರಯದ ಪಿಡುಗನ್ನು ಕುರಿತು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಬರೆದಿದ್ದರು. ಹೆಸರಿನಲ್ಲಿರುವ ‘ಪ್ರಹಸನ’ ಎಂಬ ಮಾತನ್ನು ಗಮನಿಸಿ. ಅದು ನಾಟ್ಯಶಾಸ್ತ್ರ ಹೇಳುವ ದಶರೂಪಕಗಳಲ್ಲಿ, ಅಂದರೆ ಹತ್ತು ಬಗೆಯ ನಾಟಕಗಳಲ್ಲಿ, ಒಂದು. ಏಳನೆಯ ಶತಮಾನದಲ್ಲಿ ಪಲ್ಲವ ದೊರೆ ಮಹೇಂದ್ರವರ್ಮನು ಕಾಪಾಲಿಕರನ್ನೂ ಬೌದ್ಧ ಭಿಕ್ಷುಗಳನ್ನೂ ಗೇಲಿಮಾಡಿ ಬರೆದ ‘ಮತ್ತವಿಲಾಸ’ ಅದೇ ಜಾತಿಯದು. ಯೋಗಿಯ ಜೀವ ಗಣಿಕೆಯ ದೇಹಕ್ಕೂ ಗಣಿಕೆಯ ಜೀವ ಯೋಗಿಯ ದೇಹಕ್ಕೂ ಸೇರಿಕೊಳ್ಳುವ ‘ಭಗವದಜ್ಜುಕ’ವೂ ಅದೇ ಜಾತಿಯದು. ದೇಹ ಅದಲುಬದಲಾಗುವ ಸಿನಿಮಾ ನೋಡಿ ಇದೆಂಥ ಹೊಸ ಕಲ್ಪನೆ ಎಂದು ಬೆರಗಾಗುವ ವಿದ್ಯಾರ್ಥಿಗಳಿಗೆ ಈ ನಾಟಕದ ಕತೆಯನ್ನು ಹೇಳಿ ನೋಡಿ.

ಇನ್ನು, ವಿದೂಷಕನಿಂದ ಇಂದಿನ ಸಿನಿಮಾ ಹಾಸ್ಯನಟನವರೆಗೆ ಒಂದೇ ನೇರ ಗೆರೆ ಎಳೆಯುವವರೂ ಇದ್ದಾರೆ; ಅದನ್ನೂ ನಾನು ಒಪ್ಪುವುದಿಲ್ಲ. ದಾರಿ ಇದೆ, ಆದರೆ ಅದು ಹಲವು ಮನೆಗಳ ಅಂಗಳ ಹಾದು ಬಂದ ದಾರಿ. ಒಂದು ಅಂಗಳ ನಮ್ಮ ಬಯಲಾಟಗಳದು. ಯಕ್ಷಗಾನದ ಕೋಡಂಗಿ ಮತ್ತು ಹಾಸ್ಯಗಾರ, ಮೂಡಲಪಾಯದ ಸಾರಥಿ, ನಿಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನೊಂದಿಗೆ ಮಾತಿಗೆ ಮಾತು ಬೆಳೆಸುವ ದೂತಿ, ಇವರೆಲ್ಲರೂ ದೇವರು ದೊರೆಗಳ ಭಾರದ ಮಾತಿನ ನಡುವೆ ಊರ ಮಾತು ಆಡುವವರು. ಇನ್ನೊಂದು ಅಂಗಳ ಕಂಪನಿ ನಾಟಕಗಳದು, ಅಲ್ಲಿ ಒಂದು ಸರಳ ಅಗತ್ಯ ಹಾಸ್ಯದ ರೂಪವನ್ನೇ ಬದಲಿಸಿತು. ಅರಮನೆಯ ಸೀನು ತೆಗೆದು ಕಾಡಿನ ಸೀನು ಕಟ್ಟಲು ಹಿಂದೆ ಕೆಲಸಗಾರರಿಗೆ ಹೊತ್ತು ಬೇಕು. ಅಷ್ಟು ಹೊತ್ತು ಮುಂದಿನ ರಸ್ತೆ ಪರದೆಯ ಎದುರು ಹಾಸ್ಯನಟರು ಜನರನ್ನು ಹಿಡಿದಿಡಬೇಕು. ಪಾರ್ಸಿ ನಾಟಕಗಳಿಂದ ಬಂದ ಈ ರೂಢಿಯಿಂದಾಗಿ ಹಾಸ್ಯವು ಮುಖ್ಯ ಕತೆಯಿಂದ ಬಿಡಿಸಿಕೊಂಡು ತನ್ನದೇ ಉಪಕತೆಯಾಯಿತು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದ ಗುಬ್ಬಿ ವೀರಣ್ಣನವರು ಈ ಪರಂಪರೆಯ ಶಿಖರ. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರವಾದಾಗ ರಾಜಕುಮಾರರ ಜೊತೆಗೆ ನರಸಿಂಹರಾಜು ಅವರೂ ಕಂಪನಿಯಿಂದಲೇ ಬಂದರು. ಸಿನಿಮಾದಲ್ಲಿ ಸೀನು ಕಟ್ಟಲು ಹೊತ್ತು ಬೇಕಿರಲಿಲ್ಲವಾದರೂ ಪ್ರತ್ಯೇಕ ಹಾಸ್ಯ ಪ್ರಸಂಗದ ರೂಢಿ ಅವರ ಹಿಂದೆಯೇ ಬಂತು. ನಿಮ್ಮ ವಿದ್ಯಾರ್ಥಿಗಳು ‘ನಡುನಡುವೆ ಕಾಮಿಡಿ ಸೇರಿಸೋಣ’ ಎನ್ನುವಾಗ ಅವರ ತಲೆಯಲ್ಲಿರುವುದು ಈ ಬಿಡಿ ಹಾಸ್ಯ. ಶೂದ್ರಕನದು ಹಾಗಲ್ಲ. ಅವನಲ್ಲಿ ನಗೆ ಕತೆಯ ತೊಲೆಗಳಲ್ಲಿ ಒಂದು. ಅದನ್ನು ಕೀಳಬೇಕಾದರೆ ಮನೆ ಎಲ್ಲಿ ಕುಸಿಯುತ್ತದೆಂದು ಮೊದಲು ನೋಡಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಎರಡನೆಯ ಅಂಕದ ಜೂಜುಕೋರರ ದೃಶ್ಯ. ಸಾಲ ತೀರಿಸಲಾಗದ ಸಂವಾಹಕನು ಬೆನ್ನಟ್ಟಿ ಬಂದವರ ಕಣ್ಣು ತಪ್ಪಿಸಲು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಾ ಪಾಳು ಗುಡಿಯೊಳಗೆ ಸೇರಿ ವಿಗ್ರಹದಂತೆ ನಿಂತುಬಿಡುತ್ತಾನೆ. ಹೆಜ್ಜೆಗುರುತು ನೋಡಿ ಒಳಗೆ ಬಂದವರಿಗೆ ಅನುಮಾನ. ವಿಗ್ರಹವನ್ನು ಅಲುಗಿಸಿ ನೋಡುತ್ತಾರೆ, ಬಳಿಕ ಅದರ ಎದುರಿಗೇ ಕುಳಿತು ಜೂಜಾಡತೊಡಗುತ್ತಾರೆ. ದಾಳದ ಸದ್ದು ಕಿವಿಗೆ ಬಿದ್ದ ಜೂಜುಗಾರ ವಿಗ್ರಹವಾಗಿ ಎಷ್ಟು ಹೊತ್ತು ನಿಂತಾನು? ಈ ದೃಶ್ಯಕ್ಕೆ ಹೊಸ ಮಾತು ಒಂದೂ ಬೇಡ. ಮೂಕಿ ಚಿತ್ರಗಳ ಕಾಲದಿಂದ ಇಂದಿನವರೆಗೆ ತೆರೆಯ ಮೇಲೆ ಎಷ್ಟೋ ಬಾರಿ ಬಂದಿರುವ ‘ಬೊಂಬೆಯಾಗಿ ನಿಂತವನ’ ನಗೆ ಇದು. ಕಣ್ಣಿನಿಂದ ಅರ್ಥವಾಗುವುದರಿಂದ ಕಾಲದ ಅಂತರ ಇದಕ್ಕೆ ಅಡ್ಡಿಯಾಗುವುದಿಲ್ಲ. ಹತ್ತು ಅಂಕಗಳ ನಾಟಕವನ್ನು ಎರಡು ಗಂಟೆಗೆ ಇಳಿಸುವಾಗ ಅನೇಕರು ಮೊದಲು ಕತ್ತರಿ ಹಾಕುವುದೇ ಈ ದೃಶ್ಯಕ್ಕೆ, ಮುಖ್ಯ ಕತೆಗೆ ಸಂಬಂಧವಿಲ್ಲವೆಂದು. ಆದರೆ ಇದೇ ಸಂವಾಹಕ ಭಿಕ್ಷುವಾಗಿ ಮರಳಿ ಬಂದು, ಎಂಟನೆಯ ಅಂಕದಲ್ಲಿ ಶಕಾರನು ಕತ್ತು ಹಿಸುಕಿ ಸತ್ತಳೆಂದು ಬಿಟ್ಟುಹೋದ ವಸಂತಸೇನೆಯನ್ನು ಬದುಕಿಸುತ್ತಾನೆ. ಮೊದಲು ಅವನೊಂದಿಗೆ ನಕ್ಕಿದ್ದರೆ ಮಾತ್ರ ಅವನು ಮರಳಿ ಬಂದಾಗ ಪ್ರೇಕ್ಷಕನ ಮನಸ್ಸು ಅರಳುತ್ತದೆ.

ಈಗ ನಿಮ್ಮನ್ನು ಎದೆಗುಂದಿಸಿದ ಮೋದಕದ ಮಾತಿಗೆ ಬರುತ್ತೇನೆ. ವಿದೂಷಕನೆಂದರೆ ತಿಂಡಿಪೋತ ಬ್ರಾಹ್ಮಣ, ಆದ್ದರಿಂದ ಮೋದಕದ ಹೆಸರೆತ್ತಿದರೆ ನಗು ಬರಬೇಕು ಎಂದುಕೊಂಡು ಓದಿದರೆ ಯಾರಿಗೂ ನಗು ಬರುವುದಿಲ್ಲ. ಆ ಸಿದ್ಧ ಮಾದರಿಯ ಪರಿಚಯವೇ ಇಂದಿನ ಹುಡುಗರಿಗಿಲ್ಲ. ಆದರೆ ಮೈತ್ರೇಯ ಹೇಳುತ್ತಿರುವುದೇನು? ಒಂದು ಕಾಲದಲ್ಲಿ ಗೆಳೆಯ ಚಾರುದತ್ತನ ಮನೆಯಲ್ಲಿ ಹಗಲಿರುಳೂ ಘಮಘಮಿಸುವ ಮೋದಕ ತಿಂದು ತೇಗಿದವನು, ಈಗ ಗೆಳೆಯ ದಾನ ಮಾಡಿ ಮಾಡಿ ಬಡವನಾದ ಮೇಲೆ ಹಗಲೆಲ್ಲ ಎಲ್ಲೆಲ್ಲೋ ಅಲೆದು, ಮನೆಯ ಪಾರಿವಾಳದಂತೆ ರಾತ್ರಿ ತಂಗಲು ಮಾತ್ರ ಇಲ್ಲಿಗೆ ಬರುತ್ತಿದ್ದಾನೆ. ಊಟ ಸಿಗದಿದ್ದರೂ ಬರುತ್ತಾನಲ್ಲ, ಅದು ಮುಖ್ಯ. ಇಲ್ಲಿ ಹಸಿವೂ ನಿಜ, ಸ್ನೇಹವೂ ನಿಜ. ಅವೆರಡರ ಜಗ್ಗಾಟದಲ್ಲಿ ನಗೆ ಹುಟ್ಟುತ್ತದೆ. ಈ ಪಾತ್ರ ಮಾಡುವ ಹುಡುಗನಿಗೆ ನಗಿಸಲು ಹೇಳಬೇಡಿ. ತಿಂಗಳ ಕೊನೆಯಲ್ಲಿ ಹಾಸ್ಟೆಲಿನ ಮೆಸ್ ಬಾಕಿ ಉಳಿದಾಗ, ಮೊದಲು ತನ್ನನ್ನು ಕರೆದು ಕರೆದು ಉಣಿಸುತ್ತಿದ್ದ ಗೆಳೆಯನ ಕೋಣೆಯಲ್ಲೂ ಡಬ್ಬಿ ಖಾಲಿಯಾಗಿದ್ದರೆ ಹೇಗಿರುತ್ತದೆಂದು ಯೋಚಿಸಿ ಈ ಮಾತನ್ನು ಆಡಲು ಹೇಳಿ. ನಾನು ನೋಡಿದಂತೆ, ದೊಡ್ಡ ನಗು ಬಾರದಿದ್ದರೂ ಸಭೆಯಲ್ಲಿ ಒಂದು ಬೆಚ್ಚನೆಯ ಅಲೆ ಏಳುತ್ತದೆ. ನಾಟಕದ ಆರಂಭಕ್ಕೆ ಬೇಕಾದದ್ದು ಅದೇ.

ಕಾಳಿದಾಸನ ಮಾಧವ್ಯನೂ ಇದೇ ದಾರಿಯವನು. ಶಾಕುಂತಲದ ಎರಡನೆಯ ಅಂಕದಲ್ಲಿ, ಬೇಟೆಯ ಹುಚ್ಚು ಹಿಡಿದ ದೊರೆಯ ಹಿಂದೆ ಅಲೆದು ಮೈಕೈ ನೋವಾಗಿ ಕೋಲೂರಿ ನಿಂತವನನ್ನು ದುಷ್ಯಂತ ‘ಏಕೆ ಹೀಗೆ?’ ಎಂದು ಕೇಳಿದಾಗ, ‘ಕಣ್ಣಿಗೆ ನೀನೇ ತಿವಿದು ನೀರೇಕೆ ಬಂತೆಂದು ಕೇಳುತ್ತೀಯಲ್ಲ’ ಎನ್ನುತ್ತಾನೆ. ಶಕುಂತಲೆಯ ಮೇಲಿನ ಮೋಹವನ್ನು ಕೇಳಿ, ಖರ್ಜೂರ ತಿಂದು ಬೇಸತ್ತವನಿಗೆ ಹುಣಸೆಹಣ್ಣಿನ ಆಸೆ ಬಂದಂತಾಯಿತು ಎನ್ನುತ್ತಾನೆ. ಇವಕ್ಕೆ ಇಂದಿಗೂ ಜನ ನಗುತ್ತಾರೆ, ಏಕೆಂದರೆ ಇಲ್ಲಿರುವುದು ದೊಡ್ಡವನೊಬ್ಬನ ಎದುರು ಸಲುಗೆಯವನು ಮಾತ್ರ ಆಡಬಲ್ಲ ನಿಜ.

ಭಾಷೆಯ ವಿಷಯಕ್ಕೆ ನೀವು ಹೆಚ್ಚಿನ ಗಮನ ಕೊಡಬೇಕೆಂದು ನನ್ನ ಒತ್ತಾಯ, ಏಕೆಂದರೆ ಮೃಚ್ಛಕಟಿಕದ ನಗೆಯ ಬಹುದೊಡ್ಡ ಪಾಲು ಕಳೆದುಹೋಗುವುದು ಅನುವಾದದಲ್ಲೇ. ಮೂಲದಲ್ಲಿ ಚಾರುದತ್ತ ಸಂಸ್ಕೃತ ಆಡುತ್ತಾನೆ. ಬ್ರಾಹ್ಮಣನಾದರೂ ಮೈತ್ರೇಯ ಪ್ರಾಕೃತ ಆಡುತ್ತಾನೆ. ಶಕಾರನಿಗೆ, ಜೂಜುಕೋರರಿಗೆ, ಚಾಂಡಾಲರಿಗೆ ಬೇರೆ ಬೇರೆ ನುಡಿಗಳು. ವ್ಯಾಖ್ಯಾನಕಾರ ಪೃಥ್ವೀಧರನ ಎಣಿಕೆಯಲ್ಲಿ ಪ್ರಾಕೃತ ಮತ್ತು ಅಪಭ್ರಂಶಗಳು ಸೇರಿ ಏಳು. ಎಲ್ಲರ ಬಾಯಿಗೂ ಒಂದೇ ಗ್ರಾಂಥಿಕ ಕನ್ನಡ ತುರುಕಿದರೆ ನಾಟಕ ನಡೆಯುವ ಉಜ್ಜಯಿನಿಯ ಸಂತೆಯೇ ಮೌನವಾಗುತ್ತದೆ. ನುಡಿಯಿಂದ ನುಡಿಗೆ ಜಾರುವಾಗ ಹುಟ್ಟುವ ನಗೆಯನ್ನೇ ಕೈಲಾಸಂ ಇಂಗ್ಲಿಷು ಬೆರೆತ ಬೆಂಗಳೂರು ಮೈಸೂರುಗಳ ಮಾತಿನಿಂದ ಹಿಂಡಿದರು. ಇಂದು ಮೈಕು ಹಿಡಿದು ಒಬ್ಬರೇ ನಿಂತು ನಗಿಸುವ ಯುವಕರ ಕಂಗ್ಲಿಷಿನ ಹಿಂದೆಯೂ ಅದೇ ಇದೆ. ಅನುವಾದದಲ್ಲಿ ಹೀಗೆ ಮಾಡಬಹುದೇ ಎಂದು ಅನುಮಾನವಿದ್ದರೆ, ನಿಮ್ಮ ಹಿರಿಯ ಸಹೋದ್ಯೋಗಿಗೆ ಚುರಮರಿ ಶೇಷಗಿರಿರಾಯರ ಹೆಸರು ಹೇಳಿ. ಹತ್ತೊಂಬತ್ತನೆಯ ಶತಮಾನದಲ್ಲೇ ಶಾಕುಂತಲವನ್ನು ಕನ್ನಡಿಸುವಾಗ ಅವರು ಧಾರವಾಡ ಸೀಮೆಯ ಆಡುಮಾತನ್ನು ನಾಟಕದೊಳಕ್ಕೆ ತಂದಿದ್ದರು. ಮೃಚ್ಛಕಟಿಕವನ್ನು ಬನ್ನಂಜೆ ಗೋವಿಂದಾಚಾರ್ಯರು ‘ಆವೆಯ ಮಣ್ಣಿನ ಆಟದ ಬಂಡಿ’ ಎಂದು ಕರೆದದ್ದರಲ್ಲೇ ಕನ್ನಡದ ಕಿವಿ ಎಷ್ಟು ಎಚ್ಚರವಾಗಿದೆ ನೋಡಿ. ಇನ್ನು ಕೇರಳದ ಕೂಡಿಯಾಟ್ಟಂನಲ್ಲಿ ವಿದೂಷಕನು ನಾಯಕನ ಸಂಸ್ಕೃತ ಶ್ಲೋಕಕ್ಕೆ ಮಲೆಯಾಳದಲ್ಲಿ ಅರ್ಥ ಬಿಡಿಸುತ್ತಾ, ಪ್ರತಿಶ್ಲೋಕ ಹೇಳುತ್ತಾ, ಎದುರು ಕುಳಿತವರನ್ನೂ ಮಾತಿಗೆಳೆಯುತ್ತಾನೆ. ಅಂದರೆ ಒಂದಕ್ಷರವೂ ಬದಲಾಗಬಾರದೆಂಬ ನಿಷ್ಠೆ ಸಂಸ್ಕೃತ ನಾಟಕವನ್ನು ಇಂದಿಗೂ ಆಡುತ್ತಿರುವ ಪರಂಪರೆಯಲ್ಲೇ ಇಲ್ಲ. ಅಲ್ಲಿ ನಾಯಕನ ಮಾತು ಸ್ಥಿರ, ವಿದೂಷಕನ ಮಾತು ಚರ. ನಿಮ್ಮ ಪ್ರಶ್ನೆಗೆ ನಾನು ಕಂಡ ಅತ್ಯಂತ ಸಮರ್ಪಕ ಉತ್ತರ ಇದೇ.

ಆದರೆ ಆಡುಮಾತು ತರುವುದರಲ್ಲೂ ಒಂದು ಅಪಾಯವಿದೆ. ನಾಯಕನಿಗೆ ಪುಸ್ತಕದ ಕನ್ನಡ, ನಗಿಸುವವನಿಗೆ ಮಂಗಳೂರು ಕನ್ನಡವೋ ಕಲಬುರಗಿ ಕನ್ನಡವೋ ಎಂಬ ಸಿನಿಮಾದ ಕೆಟ್ಟ ಚಾಳಿಗೆ ಬೀಳಬೇಡಿ. ಒಂದು ಸೀಮೆಯ ಮಾತೇ ಹಾಸ್ಯಾಸ್ಪದ ಎಂಬ ಸಂದೇಶ ಅದರಿಂದ ಹೋಗುತ್ತದೆ. ಆ ಸೀಮೆಯ ವಿದ್ಯಾರ್ಥಿ ನಿಮ್ಮ ತರಗತಿಯಲ್ಲೇ ಕುಳಿತಿರುತ್ತಾನೆ. ಮೈತ್ರೇಯ, ಸೇವಕ ವರ್ಧಮಾನಕ, ಸಖಿ ಮದನಿಕೆ, ದಂಡಾಧಿಕಾರಿಗಳು, ಎಲ್ಲರೂ ನಿಮ್ಮ ಊರಿನ ಮಾತನ್ನೇ ಬೇರೆ ಬೇರೆ ಹದದಲ್ಲಿ ಆಡಲಿ. ವಸಂತಸೇನೆಯೂ ಆಡಬಹುದು, ಮೂಲದಲ್ಲಿ ಅವಳದೂ ಹೆಚ್ಚಾಗಿ ಪ್ರಾಕೃತವೇ. ಆಗ ಆಡುಮಾತು ನಗೆಪಾಟಲಿನ ಗುರುತಾಗದೆ ಬದುಕಿನ ಗುರುತಾಗುತ್ತದೆ.

ಶಕಾರನದು ಬೇರೆಯದೇ ಸಮಸ್ಯೆ. ದೊರೆಯ ಬಾವಮೈದುನನೆಂಬ ಸೊಕ್ಕು, ತಾನು ಮಹಾ ವಿದ್ವಾಂಸನೆಂಬ ಭ್ರಮೆ. ಹನುಮಂತನು ವಿಶ್ವಾವಸುವಿನ ತಂಗಿ ಸುಭದ್ರೆಯನ್ನು ಹೊತ್ತೊಯ್ದಂತೆ ನಿನ್ನನ್ನು ಹೊತ್ತೊಯ್ಯುತ್ತೇನೆ ಎನ್ನುತ್ತಾನೆ. ಭಾರತದ ಕಾಲದಲ್ಲಿ ಚಾಣಕ್ಯನು ಸೀತೆಯನ್ನು ಕೊಂದಂತೆ ಕೊಲ್ಲುತ್ತೇನೆ ಎನ್ನುತ್ತಾನೆ. ಕತ್ತಲಲ್ಲಿ ವಸಂತಸೇನೆಯನ್ನು ಹುಡುಕುವಾಗ, ಹೂವಿನ ಕಂಪು ಕೇಳಿಸುತ್ತಿದೆ, ಆದರೆ ಮೂಗಿನಲ್ಲಿ ಕತ್ತಲು ತುಂಬಿರುವುದರಿಂದ ಒಡವೆಯ ಸದ್ದು ಸರಿಯಾಗಿ ಕಾಣಿಸುತ್ತಿಲ್ಲ ಎನ್ನುತ್ತಾನೆ. ಈ ಕೊನೆಯ ಮಾತಿಗೆ ಯಾವ ಪಾಂಡಿತ್ಯವೂ ಬೇಡ, ಹಾಗೆಯೇ ಇಡಿ. ಪುರಾಣದ ಗೋಜಲಿಗೆ ನಗಬೇಕಾದರೆ ಪ್ರೇಕ್ಷಕರಿಗೆ ಸರಿಯಾದ ಕತೆ ಗೊತ್ತಿರಬೇಕು. ವಿಶ್ವಾವಸು ಯಾರೆಂದು ತಿಳಿಯದವರ ಎದುರು ಆ ಹೆಸರು ಬಿಟ್ಟು ಹನುಮಂತ, ಸುಭದ್ರೆ ಇಷ್ಟನ್ನೇ ಉಳಿಸಿದರೆ ಸಾಕು. ಚಾಣಕ್ಯ ಮತ್ತು ಸೀತೆ ಎಲ್ಲರಿಗೂ ಗೊತ್ತು. ಉಚ್ಚಾರಣೆಯಲ್ಲಿ ಎಚ್ಚರವಿರಲಿ. ಮೂಲದಲ್ಲಿ ಅವನು ‘ಸ’ಕಾರಗಳನ್ನೆಲ್ಲ ‘ಶ’ ಎನ್ನುತ್ತಾನೆ. ಅವನ ಹೆಸರಿಗೆ ಕಾರಣವೂ ಅದೇ. ಇದನ್ನು ತೊದಲನ್ನಾಗಿ ಮಾಡಿದರೆ ಮಾತಿನ ತೊಂದರೆ ಇರುವವರ ಗೇಲಿಯಾಗುತ್ತದೆ. ಓದುಬರಹ ಕಲಿಯದವರ ಉಚ್ಚಾರಣೆಯನ್ನಾಗಿ ಮಾಡಿದರೆ ಇನ್ನೂ ತಪ್ಪು, ಏಕೆಂದರೆ ಅವನು ಬಲಾಢ್ಯ, ಕೊಲೆಗೂ ಹೇಸದವನು. ನಾನು ಅದನ್ನು ಆಡಂಬರದ ಉಚ್ಚಾರಣೆಯನ್ನಾಗಿ ಮಾಡಿಸಿದೆ: ಸಂಸ್ಕೃತದಂತೆ ಕೇಳಿಸಲೆಂದು ಎಲ್ಲೆಡೆ ‘ಶ’ ಒತ್ತಿ, ‘ಶಭೆಗೆ ಶ್ವಾಗತ’, ‘ಶಮಾಜ ಶೇವೆ’ ಎನ್ನುವ ದೊಡ್ಡ ಮನುಷ್ಯ. ನಮ್ಮ ವೇದಿಕೆಗಳಲ್ಲಿ ಇಂಥ ಮಾತು ಕೇಳದವರಾರು? ನಗೆ ಆಗ ಅವನ ಕೊರತೆಯನ್ನು ಬಿಟ್ಟು ಅವನ ಸೋಗಿನ ಮೇಲೆ ಬೀಳುತ್ತದೆ. ನಿಮ್ಮ ವಿದ್ಯಾರ್ಥಿಗಳು ಗಿರೀಶ ಕಾರ್ನಾಡರ 1984ರ ಹಿಂದಿ ಚಿತ್ರ ‘ಉತ್ಸವ್’ ಅನ್ನು ಹುಡುಕಿ ನೋಡಬಹುದು. ಅದರಲ್ಲಿ ಶಶಿ ಕಪೂರ್ ಮಾಡಿದ ಶಕಾರನನ್ನು ಅನುಕರಿಸದಂತೆ ಮಾತ್ರ ನೋಡಿಕೊಳ್ಳಿ, ತೆರೆಯ ಹದವೇ ಬೇರೆ, ರಂಗದ ಹದವೇ ಬೇರೆ.

ರೀಲ್ಸಿನ ಮಾತು ಸೇರಿಸುವ ಸಲಹೆಯನ್ನು ನಾನೇ ಒಮ್ಮೆ ಒಪ್ಪಿ ಕೈಸುಟ್ಟುಕೊಂಡಿದ್ದೇನೆ. ಹವ್ಯಾಸಿ ತಂಡವೊಂದಕ್ಕೆ ಇದೇ ನಾಟಕವನ್ನು ಆಡಿಸುವಾಗ ಮೈತ್ರೇಯನ ಪಾತ್ರಧಾರಿ ಐದನೆಯ ಅಂಕದಲ್ಲಿ ಆಗ ಎಲ್ಲರ ಬಾಯಲ್ಲಿದ್ದ ಒಂದು ಸಿನಿಮಾ ಮಾತನ್ನು ಸೇರಿಸಿದ. ಶಿಳ್ಳೆ, ಚಪ್ಪಾಳೆ, ನನಗೂ ಸಂತೋಷವಾಯಿತು. ಮರುದಿನ ಅವನು ಮೂರು ಸೇರಿಸಿದ. ಹತ್ತನೆಯ ಅಂಕದಲ್ಲಿ, ವಸಂತಸೇನೆಯನ್ನು ಕೊಂದನೆಂಬ ಸುಳ್ಳು ಆರೋಪದ ಮೇಲೆ ಚಾರುದತ್ತನನ್ನು ವಧಾಸ್ಥಾನಕ್ಕೆ ಒಯ್ಯುವಾಗ ಅವನ ಪುಟ್ಟ ಮಗ ರೋಹಸೇನ ‘ನನ್ನನ್ನು ಕೊಲ್ಲಿ, ಅಪ್ಪನನ್ನು ಬಿಡಿ’ ಎನ್ನುತ್ತಾನೆ. ಆ ಹೊತ್ತಿಗೆ ಮೈತ್ರೇಯ ರಂಗದ ಮೇಲಿದ್ದ ಕಾರಣಕ್ಕೇ ಜನ ಇನ್ನೊಂದು ತಮಾಷೆಗೆ ಕಾದು ಕುಳಿತಿದ್ದರು, ಮಗುವಿನ ಮಾತಿಗೆ ಸಭೆಯ ಹಿಂದಿನ ಸಾಲಿನಿಂದ ನಗು ಕೇಳಿಸಿತು. ಆ ರಾತ್ರಿಯ ನೋವು ನನ್ನಿಂದ ಇನ್ನೂ ಹೋಗಿಲ್ಲ. ತಪ್ಪು ನಟನದಲ್ಲ, ನನ್ನದು. ಹೊರಗಿನ ನಗೆಯನ್ನು ತಂದಾಗ ಪ್ರೇಕ್ಷಕರು ಉಜ್ಜಯಿನಿಯಿಂದ ಎದ್ದು ತಮ್ಮ ಮೊಬೈಲಿಗೆ ಮರಳುತ್ತಾರೆ. ಅವರನ್ನು ಮತ್ತೆ ಕರೆತರುವುದು ಬಹಳ ಕಷ್ಟ. ಮಾಸ್ಟರ್ ಹಿರಣ್ಣಯ್ಯನವರು ಅಂದಂದಿನ ರಾಜಕೀಯವನ್ನು ‘ಲಂಚಾವತಾರ’ದೊಳಗೆ ಆಶುವಾಗಿ ತರುತ್ತಿದ್ದರಲ್ಲ ಎಂದು ಕೇಳಬಹುದು. ಆ ನಾಟಕವನ್ನು ಹೆಣೆದದ್ದೇ ಅದಕ್ಕಾಗಿ. ಅಂದಿನ ಸುದ್ದಿ ಅಲ್ಲಿ ಕತೆಯ ಒಳಗಿನ ಸಂಗತಿ, ಹೊರಗಿನದಲ್ಲ.

ಹಾಗೆಂದು ಹುಡುಗರ ಉತ್ಸಾಹಕ್ಕೆ ಬೀಗ ಹಾಕಬೇಕಾಗಿಲ್ಲ. ಹೊಸ ಮಾತು ಕಟ್ಟಲು ಅವರಿಗೆ ಬಿಡಿ, ಒಂದು ಕರಾರಿನ ಮೇಲೆ: ಮೈತ್ರೇಯನಿಗೆ ಗೊತ್ತಿರಲಾರದ ಯಾವ ವಸ್ತುವೂ ಆ ಮಾತಿನಲ್ಲಿ ಬರಬಾರದು. ಸಾಲ, ಹಸಿವು, ಬಾಡಿಗೆ ಬಂಡಿ, ದೊಡ್ಡವರ ನೆಂಟರು, ಮಳೆಯಲ್ಲಿ ನೆನೆದ ಬಟ್ಟೆ, ಇವೆಲ್ಲ ಅಂದೂ ಇದ್ದವು, ಇಂದೂ ಇವೆ. ಇಂದಿನವರು ನಗಲು ಅಷ್ಟು ಸಾಕು.

ಜನಿವಾರದ ದೃಶ್ಯದ ಬಗ್ಗೆ ಪ್ರಾಂಶುಪಾಲರ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಹಾಸ್ಯಕ್ಕೆ ಆಕ್ಷೇಪ ಬರುವುದು ಈ ಕಲೆಯಷ್ಟೇ ಹಳೆಯದು. ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ಪ್ರಹಸನವಾಡಿ ಶಾಪಕ್ಕೆ ಗುರಿಯಾದ ಕತೆ ನಾಟ್ಯಶಾಸ್ತ್ರದಲ್ಲೇ ಇದೆ. ಆದರೆ ದೃಶ್ಯವನ್ನು ಪೂರ್ತಿ ಓದಿ. ಆ ಕಳ್ಳ ಶರ್ವಿಲಕ ಸ್ವತಃ ಬ್ರಾಹ್ಮಣ. ವಸಂತಸೇನೆಯ ದಾಸಿಯಾಗಿರುವ ತನ್ನ ಪ್ರೇಯಸಿ ಮದನಿಕೆಯನ್ನು ಬಿಡಿಸಿಕೊಳ್ಳಲು ಹಣ ಬೇಕಾಗಿ ಕಳ್ಳತನಕ್ಕೆ ಇಳಿದವನು. ಅಳತೆಯ ದಾರ ಮರೆತುಬಂದು ಜನಿವಾರದಿಂದಲೇ ಚಾರುದತ್ತನ ಮನೆಯ ಗೋಡೆ ಅಳೆಯುತ್ತಾನೆ, ಒಡವೆಯ ಕೊಂಡಿ ಬಿಡಿಸಲು, ಹಾವು ಕಚ್ಚಿದರೆ ಬೆರಳು ಕಟ್ಟಲು ಅದು ಎಷ್ಟು ಉಪಯುಕ್ತವೆಂದು ವರ್ಣಿಸುತ್ತಾನೆ, ಕನ್ನವನ್ನು ಕಮಲದ ಆಕಾರದಲ್ಲಿ ಕೊರೆಯಲೋ ಅರ್ಧಚಂದ್ರದಂತೆ ಕೊರೆಯಲೋ ಎಂದು ಶಾಸ್ತ್ರೋಕ್ತವಾಗಿ ಚಿಂತಿಸುತ್ತಾನೆ. ಇಲ್ಲಿ ಗೇಲಿಯಾಗುತ್ತಿರುವುದು ದಾರವಲ್ಲ, ಕಲಿತ ವಿದ್ಯೆಯನ್ನು ತಪ್ಪು ಕೆಲಸಕ್ಕೆ ಹಚ್ಚಿದ ಜಾಣನ ಆತ್ಮಸಮರ್ಥನೆ. ಒಳಗೆ ಮೈತ್ರೇಯ ನಿದ್ದೆಗಣ್ಣಿನಲ್ಲಿ ಗೋವು ಬ್ರಾಹ್ಮಣರ ಆಣೆಯಿಟ್ಟು, ವಸಂತಸೇನೆ ಚಾರುದತ್ತನಲ್ಲಿ ಒಪ್ಪಿಸಿಹೋದ ಒಡವೆಯ ಪೆಟ್ಟಿಗೆಯನ್ನು ಕಳ್ಳನ ಕೈಗೇ ಒಪ್ಪಿಸುತ್ತಾನೆ. ಬೆಳಗ್ಗೆ ಚಾರುದತ್ತ ಗೋಡೆಯ ಕನ್ನದ ಅಂದವನ್ನು ಮೆಚ್ಚಿ, ಕಳ್ಳ ಬರಿಗೈಯಲ್ಲಿ ಹೋಗಲಿಲ್ಲವಲ್ಲ ಎಂದು ಸಮಾಧಾನಪಡುತ್ತಾನೆ. ನಗುತ್ತ ನಗುತ್ತಲೇ ನಾಯಕನ ಹೃದಯ ತೆರೆದುಕೊಳ್ಳುವ ಇಂಥ ದೃಶ್ಯ ನಮ್ಮ ನಾಟಕ ಸಾಹಿತ್ಯದಲ್ಲಿ ವಿರಳ. ಇದನ್ನು ತೆಗೆದರೆ ಕತೆಯೂ ಮುಂದೆ ಸಾಗದು, ಏಕೆಂದರೆ ಒಡವೆ ಕಳವಾಗುವುದು ಇಲ್ಲಿಯೇ. ಶರ್ವಿಲಕನನ್ನು ಕೋಡಂಗಿಯನ್ನಾಗಿ ಮಾತ್ರ ಮಾಡಬೇಡಿ. ಮುಂದೆ ಅರಸೊತ್ತಿಗೆಯನ್ನೇ ಬದಲಿಸುವ ದಂಗೆಯಲ್ಲಿ ಅವನದು ಪ್ರಮುಖ ಪಾತ್ರ. ತನ್ನ ಕಸುಬನ್ನು ಗೌರವಿಸುವ ಕುಶಲಕರ್ಮಿಯಂತೆ, ಪೂರ್ತಿ ಗಂಭೀರವಾಗಿ ಆಡಿದಷ್ಟೂ ನಗು ಹೆಚ್ಚುತ್ತದೆ, ಆಕ್ಷೇಪ ಕಡಿಮೆಯಾಗುತ್ತದೆ. ಪ್ರಾಂಶುಪಾಲರಿಗೆ ಬಿಡಿ ವಾಕ್ಯ ತೋರಿಸದೆ ಇಡೀ ಅಂಕವನ್ನು ಓದಿ ಕೇಳಿಸಿ.

ವಸಂತಸೇನೆಯ ತಾಯಿಯ ಮಾತು ಬೇರೆ. ಅವಳ ದಪ್ಪ ಮೈ ಕಂಡ ಮೈತ್ರೇಯ, ಇವಳನ್ನು ಒಳಗಿಟ್ಟ ಮೇಲೆ ಬಾಗಿಲು ಕಟ್ಟಿಸಿದರೇ ಎಂದು ಕೇಳುತ್ತಾನೆ, ಇನ್ನೂ ಕ್ರೂರವಾದದ್ದನ್ನೂ ಆಡುತ್ತಾನೆ. ದೇಹವನ್ನು ನಗೆಗೀಡು ಮಾಡುವುದು ಆ ಕಾಲದ ರಂಗದಲ್ಲಿ ಸ್ವೀಕೃತವಾಗಿತ್ತು. ವಿದೂಷಕನೇ ಕುಳ್ಳ, ಗೂನು, ಬೋಳುತಲೆಯವನಾಗಿರಬೇಕೆಂದು ಶಾಸ್ತ್ರ ಹೇಳುತ್ತದೆ. ಶಾಸ್ತ್ರ ಹೇಳಿತೆಂದು ನೀವು ಪಾಲಿಸಬೇಕಾಗಿಲ್ಲ. ಈ ಮಾತುಗಳನ್ನು ತೆಗೆಯುವುದು ಸುಲಭದ ದಾರಿ, ನಾಟಕಕ್ಕೆ ನಷ್ಟವೂ ಇಲ್ಲ. ಉಳಿಸುವುದಾದರೆ ತಾಯಿಯನ್ನು ರಂಗಕ್ಕೆ ತರಲೇಬೇಡಿ. ವಸಂತಸೇನೆಯ ಮನೆಯ ಎಂಟು ಅಂಗಳಗಳ ವೈಭವ ಕಂಡು ಕಣ್ಣು ಕುಕ್ಕಿದ, ಅಲ್ಲಿ ತನಗೊಂದು ತುತ್ತೂ ಸಿಗಲಿಲ್ಲವೆಂದು ಒಳಗೊಳಗೇ ಉರಿಯುತ್ತಿರುವ ಮೈತ್ರೇಯನ ಹೊಟ್ಟೆಕಿಚ್ಚೇ ನಗೆಯ ವಸ್ತುವಾಗಲಿ. ಯಾವ ಕಾರಣಕ್ಕೂ ಒಬ್ಬ ದಪ್ಪನೆಯ ವಿದ್ಯಾರ್ಥಿನಿಯನ್ನು ಆ ಪಾತ್ರಕ್ಕೆಂದು ಆರಿಸಿ ನಿಲ್ಲಿಸಬೇಡಿ. ನಾಟಕ ಒಂದು ಸಂಜೆಯದು; ಆ ಹುಡುಗಿ ಮೂರು ವರ್ಷ ಅದೇ ಕಾಲೇಜಿಗೆ ಬರಬೇಕು.

ತಾಲೀಮನ್ನು ಮೇಜಿನ ಸುತ್ತ ಕುಳಿತು ಓದುವುದರಿಂದ ಶುರುಮಾಡಿದ್ದೀರಿ. ಅದನ್ನು ಒಂದು ವಾರ ನಿಲ್ಲಿಸಿ. ಎರಡನೆಯ ಅಂಕದ ಮೂವರು ಜೂಜುಗಾರರನ್ನು ಎಬ್ಬಿಸಿ, ಕೈಗೆ ಕವಡೆ ಕೊಟ್ಟು, ಮಾತಿಲ್ಲದೆ ಆ ದೃಶ್ಯವನ್ನು ಆಡಲು ಹೇಳಿ. ಉಳಿದವರು ನೋಡುತ್ತಾ ಕುಳಿತಿರಲಿ. ಅವರು ಎಲ್ಲಿ ನಕ್ಕರೆಂದು ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಮಾತುಗಳನ್ನು ಬಳಿಕ ಆ ಗುರುತುಗಳ ಸುತ್ತ ಕೂಡಿಸುತ್ತಾ ಹೋಗಬಹುದು.